ಸಂಜೆಗೆಂಪಿನಲ್ಲಿ ಇಬ್ಬರು

ಮೈಸೂರಿನ ಜಯಚಾಮರಾಜ ಒಡೆಯರ್ ಅವರು ‘ಶ್ರೀವಿದ್ಯಾ’ ಅಂಕಿತದಲ್ಲಿ ೯೪ ಕೃತಿಗಳನ್ನು ರಚಿಸಿದರೆಂಬುದು ಸಂಗೀತ ಬಲ್ಲ ಮನೆಗಳಲ್ಲಿ ಗೊತ್ತಿರುವ ಮಾತು. ಅವರು ಮಾಡಿದ ಇನ್ನೊಂದು ಕೆಲಸ ನಮ್ಮ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರೌಸ್ ಎಂಬ ಸಂಗೀತಗಾರರ ನಾಲ್ಕು ಹಾಡುಗಳು ಮೊದಲ ಬಾರಿಗೆ ಸಭೆಯ ಮುಂದೆ ಬಂದವು. ಹಾಡಿದವರು ನಾರ್ವೆ ದೇಶದ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ನುಡಿಸಿದ್ದು ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಅದನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಈ ಕಚೇರಿ ನಡೆಯಲಿ, ಅದರ ಧ್ವನಿಮುದ್ರಣವೂ ಆಗಲಿ ಎಂದು ೪,೮೦೦ ಡಾಲರುಗಳಿಗೆ ಜಾಮೀನು ನಿಂತವರು ನಮ್ಮ ಮೈಸೂರಿನ ಮಹಾರಾಜರು.

‘ನಾಲ್ಕು ಕೊನೆಯ ಹಾಡುಗಳು’ ಎಂದು ಈ ಕೃತಿಗೆ ಹೆಸರು. ಸ್ಟ್ರೌಸ್ ಇವನ್ನು ಬರೆದದ್ದು ೧೯೪೮ರಲ್ಲಿ, ೮೪ನೆಯ ವಯಸ್ಸಿನ ಆಸುಪಾಸಿನಲ್ಲಿ. ವಿಚಿತ್ರವೆಂದರೆ ಆ ಮೊದಲ ಕಚೇರಿಯನ್ನು ಕೇಳಬೇಕಾದವರು ಯಾರೂ ಸಭೆಯಲ್ಲಿರಲಿಲ್ಲ. ಬರೆದವರು ೧೯೪೯ರ ಸೆಪ್ಟೆಂಬರ್ ೮ರಂದು ತೀರಿಕೊಂಡಿದ್ದರು. ಅವರ ಹೆಂಡತಿ ಪೌಲೀನಾ ೧೯೫೦ರ ಮೇ ೧೩ರಂದು, ಅಂದರೆ ಕಚೇರಿಗೆ ಒಂಬತ್ತೇ ದಿನ ಮೊದಲು ಕಣ್ಣು ಮುಚ್ಚಿದರು. ಜಾಮೀನು ನಿಂತ ಮಹಾರಾಜರಿಗೆ ಲಂಡನ್ನಿಗೆ ಹೋಗಲಾಗಲಿಲ್ಲ. ಅವರಿಗಾಗಿ ಕಚೇರಿಯನ್ನು ತಟ್ಟೆಗಳ ಮೇಲೆ ಮುದ್ರಿಸಿ ಮೈಸೂರಿಗೆ ಕಳಿಸಿದರು.

ಹೊಸಪೇಟೆಯ ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜವನ್ನೂ ಕಲಿಸುವ ಹೆಂಗಸಿಗೆ ಜರ್ಮನ್ ಹಾಡಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನನಗೆ ಆ ಭಾಷೆ ಬಾರದು. ಚಿಕ್ಕಂದಿನಲ್ಲಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಸರಳೆ, ಜಂಟಿ ವರಸೆ ದಾಟಿ ನಾಲ್ಕು ಗೀತೆ ಕಲಿತದ್ದು ಬಿಟ್ಟರೆ ಸಂಗೀತದ ಪಾಠವೂ ಆಗಿಲ್ಲ. ಬೆಂಗಳೂರಿನಲ್ಲಿರುವ ಮಗಳು ಮೊಬೈಲಿಗೆ ಕಳಿಸಿದ ಈ ಹಾಡುಗಳನ್ನು ಅಡುಗೆಮನೆಯಲ್ಲಿ, ಉತ್ತರ ಪತ್ರಿಕೆ ತಿದ್ದುವಾಗ, ನಿದ್ದೆ ಬಾರದ ರಾತ್ರಿಗಳಲ್ಲಿ ಎರಡು ವರ್ಷದಿಂದ ಕೇಳುತ್ತಿದ್ದೇನೆ. ಕೇಳಿ ಕೇಳಿ ಇದು ಒಂದು ಸಂಸಾರದ ಹಾಡು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಸಂಸಾರದ ವಿಷಯದಲ್ಲಿ ಅಭಿಪ್ರಾಯ ಹೇಳಲು ನಮಗೆ ಯಾವ ಪದವಿಯೂ ಬೇಕಿಲ್ಲವಲ್ಲ.

ಮೊದಲು ಹಾಡುಗಳ ಪರಿಚಯ. ನಾಲ್ಕೂ ಸೇರಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಒಂದು ಹೆಣ್ಣು ಕಂಠ, ಅದರ ಸುತ್ತ ದೊಡ್ಡ ವಾದ್ಯವೃಂದ. ಈಗ ಹಾಡುವ ಕ್ರಮದಲ್ಲಿ ಮೊದಲನೆಯದು ‘ವಸಂತ’, ಎರಡನೆಯದು ‘ಸೆಪ್ಟೆಂಬರ್’, ಮೂರನೆಯದು ‘ಮಲಗುವ ಹೊತ್ತು’, ಕೊನೆಯದು ‘ಸಂಜೆಗೆಂಪಿನಲ್ಲಿ’. ಮೊದಲ ಮೂರರ ಸಾಹಿತ್ಯ ಹರ್ಮನ್ ಹೆಸ್ಸೆಯದು. ‘ಸಿದ್ಧಾರ್ಥ’ ಕಾದಂಬರಿ ಬರೆದವರು ಇವರೇ. ಇವರ ತಾಯಿ ಹುಟ್ಟಿದ್ದು ನಮ್ಮ ಪಕ್ಕದ ಮಲಬಾರಿನ ತಲಶ್ಶೇರಿಯಲ್ಲಿ. ಮಲಯಾಳಂ ನಿಘಂಟು ರಚಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್ ಇವರ ತಾತ. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಆ ತಾತನ ಗೆಳೆಯ. ನಾಲ್ಕನೆಯ ಹಾಡಿನ ಕವಿ ಐಷೆನ್‌ಡಾರ್ಫ್ ಇವರಿಗಿಂತ ಬಹಳ ಹಿಂದಿನವರು, ಹತ್ತೊಂಬತ್ತನೆಯ ಶತಮಾನದವರು.

ಕರ್ನಾಟಕ ಸಂಗೀತದಲ್ಲಿ ಪಳಗಿದ ಕಿವಿಗೆ ಈ ಸಂಗೀತ ಮೊದಲು ಸ್ವಲ್ಪ ತಬ್ಬಿಬ್ಬು ಮಾಡುತ್ತದೆ. ನಮ್ಮಲ್ಲಿ ತಂಬೂರಿಯ ಷಡ್ಜ ಮನೆಯ ಹೊಸ್ತಿಲಿನ ಹಾಗೆ, ಕದಲುವುದಿಲ್ಲ. ಹಾಡುವವರು ಎಲ್ಲಿ ಅಲೆದರೂ ಅಲ್ಲಿಗೇ ಮರಳಬೇಕು. ಅವರಲ್ಲಿ ಹತ್ತಾರು ವಾದ್ಯಗಳು ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ನುಡಿಸುತ್ತವೆ. ಆ ಸ್ವರಗಳ ಗೊಂಚಲು ಬದಲಾದಾಗ ಹೊಸ್ತಿಲೇ ಎದ್ದು ಬೇರೆ ಕಡೆ ಹೋಗಿ ಕುಳಿತಂತಾಗುತ್ತದೆ. ಗೃಹಭೇದ ಕೇಳಿದವರಿಗೆ ಇದರ ಸುಳಿವು ಸಿಕ್ಕೀತು. ಸ್ಟ್ರೌಸ್ ಈ ಹೊಸ್ತಿಲು ಜರುಗಿಸುವ ಕೆಲಸದಲ್ಲಿ ಪ್ರವೀಣರು. ಮೊದಲ ಮೂರು ಸಲ ನಾನು ರಾಗ ಹುಡುಕಿ ಸುಸ್ತಾದೆ. ಆಮೇಲೆ ಹುಡುಕುವುದನ್ನು ಬಿಟ್ಟು ಕಂಠದ ಹಿಂದೆ ಹೋದೆ. ನಿಮಗೂ ಅದೇ ದಾರಿ ಹೇಳುತ್ತೇನೆ.

‘ವಸಂತ’ ನನಗೆ ಈ ನಾಲ್ಕರಲ್ಲಿ ದುರ್ಬಲವೆನಿಸಿದ ಹಾಡು. ಕತ್ತಲಲ್ಲಿ ಆರಂಭವಾಗಿ ಬೆಳಕಿಗೆ ಏರುತ್ತದೆ. ಏರುವ ರಭಸದಲ್ಲಿ ತಂತಿವಾದ್ಯಗಳೆಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ. ಮದುವೆ ಮನೆಯಲ್ಲಿ ಬೀಗರೆಲ್ಲ ಒಂದೇ ಸಲ ಹೋಳಿಗೆ ಬಡಿಸಲು ಬಂದರೆ ಉಣ್ಣುವವಳ ಗತಿ ಏನಾಗಬೇಕು? ಕಂಠದ ಸ್ಥಿತಿ ಹಾಗೆ ಆಗಿದೆ. ಒಂದೊಂದು ಅಕ್ಷರವನ್ನು ಎಷ್ಟು ಎಳೆದಿದ್ದಾರೆಂದರೆ ಆ ಭಾಷೆ ಬಲ್ಲವರಿಗೂ ಮಾತು ಹಿಡಿಯುವುದು ಕಷ್ಟ. ಸಾಹಿತ್ಯ ಕೇಳಿಸಬೇಕು ಎಂಬುದು ದಾಸರ ಪದ ಕೇಳಿ ಬೆಳೆದ ನಮ್ಮ ಹಟ. ಆ ಹಟ ಬಿಡಬೇಕೆಂದು ನನಗೆ ಅನಿಸಿಲ್ಲ.

‘ಸೆಪ್ಟೆಂಬರ್’ ಬೇಸಿಗೆ ಮುಗಿಯುವ ತೋಟದ ಚಿತ್ರ. ಅವರ ಬೇಸಿಗೆ ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯಲ್ಲ, ಕಾದಿದ್ದು ಬರುವ ಹಬ್ಬ. ಆದ್ದರಿಂದ ಅದು ಹೋಗುವಾಗ ಅವರಿಗೆ ದುಃಖ. ಹಾಡಿನ ಕಡೆಯಲ್ಲಿ ಹಾರ್ನ್ ಎಂಬ ಹಿತ್ತಾಳೆಯ ವಾದ್ಯವೊಂದು ತಗ್ಗಿದ ದನಿಯಲ್ಲಿ ಮಾತಾಡಿ ಮುಗಿಸುತ್ತದೆ. ಸ್ಟ್ರೌಸರ ತಂದೆ ಮ್ಯೂನಿಕ್ ಆಸ್ಥಾನದ ವಾದ್ಯವೃಂದದಲ್ಲಿ ಇದೇ ಹಾರ್ನ್ ನುಡಿಸುತ್ತಿದ್ದವರು. ೮೪ನೆಯ ವಯಸ್ಸಿನ ಮಗ ಅಪ್ಪನ ವಾದ್ಯಕ್ಕೆ ಕೊನೆಯ ಮಾತು ಬಿಟ್ಟುಕೊಟ್ಟಿದ್ದಾರೆ ಎಂದು ತಿಳಿದ ಮೇಲೆ ಆ ಭಾಗ ಬಂದಾಗ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತೇನೆ.

‘ಮಲಗುವ ಹೊತ್ತು’ ಹಾಡಿನಲ್ಲಿ ಎರಡು ನುಡಿಗಳಾದ ಮೇಲೆ ಕಂಠ ಸುಮ್ಮನಾಗುತ್ತದೆ. ಒಂಟಿ ಪಿಟೀಲು ಒಂದು ಧಾಟಿಯನ್ನು ನಿಧಾನವಾಗಿ ನುಡಿಸುತ್ತದೆ. ಅದೇ ಧಾಟಿಯನ್ನು ಎತ್ತಿಕೊಂಡು ಕಂಠ ಮೂರನೆಯ ನುಡಿಗೆ ಬರುತ್ತದೆ. ನಮ್ಮ ಕಚೇರಿಗಳಲ್ಲಿ ಹಾಡುವವರ ಹಿಂದೆ ಪಿಟೀಲು ಹೋಗುತ್ತದೆ. ಇಲ್ಲಿ ಪಿಟೀಲು ಮುಂದೆ ಹೋಗಿ ದಾರಿ ತೋರಿಸಿದೆ. ತೊಟ್ಟಿಲು ತೂಗುವವಳು ಹಾಡು ಮರೆತಾಗ ಅವಳ ತಾಯಿ ಪಕ್ಕದಲ್ಲಿ ಕುಳಿತು ಧಾಟಿ ನೆನಪಿಸಿದ ಹಾಗೆ. ಮೂರು ಹಾಡುಗಳಲ್ಲಿ ಇದೇ ನನಗೆ ಮೇಲು.

ಇನ್ನು ‘ಸಂಜೆಗೆಂಪಿನಲ್ಲಿ’. ಸ್ಟ್ರೌಸ್ ಮೊದಲು ಬರೆದು ಮುಗಿಸಿದ್ದು ಇದನ್ನೇ, ೧೯೪೮ರ ಮೇ ೬ರಂದು. ಕೈ ಕೈ ಹಿಡಿದು ಸುಖದುಃಖಗಳನ್ನು ದಾಟಿ ಬಂದ ಇಬ್ಬರು ಒಂದು ನಿಶ್ಶಬ್ದವಾದ ಜಾಗದಲ್ಲಿ ನಿಂತಿದ್ದಾರೆ. ಸುತ್ತ ಕಣಿವೆಗಳಲ್ಲಿ ಕತ್ತಲು ಇಳಿಯುತ್ತಿದೆ. ಎರಡು ಹಕ್ಕಿಗಳು ಮಾತ್ರ ಮೇಲೆ ಹಾರುತ್ತಿವೆ. ಆ ಹಕ್ಕಿಗಳನ್ನು ಎರಡು ಕೊಳಲುಗಳು ನುಡಿಸುತ್ತವೆ. ಕೊನೆಗೆ ಹಾಡು ಸಾವಿನ ಬಗ್ಗೆ ಒಂದು ಪ್ರಶ್ನೆ ಕೇಳಿ ನಿಲ್ಲುತ್ತದೆ. ಕಂಠ ನಿಂತ ಮೇಲೆ ಹಾರ್ನ್ ಒಂದು ಹಳೆಯ ಧಾಟಿಯನ್ನು ನೆನಪಿಸುತ್ತದೆ. ಸುಮಾರು ಅರವತ್ತು ವರ್ಷ ಹಿಂದೆ, ಇಪ್ಪತ್ತೈದರ ಹರೆಯದಲ್ಲಿ, ಸ್ಟ್ರೌಸ್ ಸಾವನ್ನು ಕಲ್ಪಿಸಿಕೊಂಡು ಬರೆದ ‘ಮರಣ ಮತ್ತು ರೂಪಾಂತರ’ ಎಂಬ ಕೃತಿಯ ಧಾಟಿ ಅದು. ವಾದ್ಯವೃಂದ ತಾನು ಹೊರಟ ಶ್ರುತಿಗೇ ಮರಳಿ ಇಳಿಯುತ್ತದೆ. ಇಷ್ಟು ಹೊತ್ತು ಜರುಗುತ್ತಿದ್ದ ಹೊಸ್ತಿಲು ಕಡೆಗೂ ತನ್ನ ಜಾಗದಲ್ಲಿ ನಿಂತಿತು ಎಂದು ನಮ್ಮ ಕಿವಿಗೂ ಸಮಾಧಾನ.

ಕನ್ನಡ ಟೀಚರಾದ ನನ್ನ ಗಮನ ಸೆಳೆದದ್ದು ಒಂದು ಪುಟ್ಟ ಪದ. ಆ ಕೊನೆಯ ಪ್ರಶ್ನೆಯಲ್ಲಿ ಕವಿ ದೂರದ್ದನ್ನು ತೋರಿಸುವ ಸರ್ವನಾಮ ಬಳಸಿದ್ದರು. ಸ್ಟ್ರೌಸ್ ಅದನ್ನು ತಿದ್ದಿ ಹತ್ತಿರದ್ದನ್ನು ತೋರಿಸುವ ಸರ್ವನಾಮ ಹಾಕಿದರು. ನಮ್ಮ ಲೆಕ್ಕದಲ್ಲಿ ‘ಅದು’ ಹೋಗಿ ‘ಇದು’ ಬಂತು. ಎಂಟನೆಯ ತರಗತಿಯ ವ್ಯಾಕರಣದಲ್ಲಿ ಎರಡು ಅಂಕದ ಪ್ರಶ್ನೆ ಇದು. ಆದರೆ ಇಲ್ಲಿ ಇಡೀ ಹಾಡು ಆ ಒಂದು ಅಕ್ಷರದ ಮೇಲೆ ನಿಂತಿದೆ. ಸಾವು ಎಲ್ಲೋ ಬೆಟ್ಟದಾಚೆ ಇಲ್ಲ, ಪಕ್ಕದಲ್ಲೇ ಬಂದು ಕುಳಿತಿದೆ. ಹಾಡುವವಳು ಹೆದರಿಲ್ಲ.

ಒಂದು ಮಧ್ಯಾಹ್ನ ಇದು ಕೇಳುತ್ತಿರುವಾಗ ಪಕ್ಕದ ಮನೆಯ ದೊಡ್ಡವ್ವ ಸೊಪ್ಪು ಸೋಸಲು ನಮ್ಮ ಪಡಸಾಲೆಗೆ ಬಂದರು. ವಯಸ್ಸು ಎಂಬತ್ತರ ಹತ್ತಿರ, ಓದು ಬರಹವಿಲ್ಲ. ಯಜಮಾನರು ತೀರಿ ಹತ್ತು ವರ್ಷವಾಗಿದೆ. ಬೀಸುವ ಕಲ್ಲಿನ ಪದಗಳು ಅವರಿಗೆ ಇನ್ನೂ ಬಾಯಿಗೆ ಬರುತ್ತವೆ. ಸ್ವಲ್ಪ ಹೊತ್ತು ಕೇಳಿದರು. ‘ಯಾಕೋ ಅಳೋ ಹಾಡು ಇರಬೇಕು, ನಿಲ್ಲಿಸ್ತೀನಿ’ ಎಂದು ನಾನು ಕೈ ಚಾಚಿದೆ. ದೊಡ್ಡವ್ವ ತಡೆದರು. ‘ಇರಲಿ ಬಿಡ್ರೀ ಅಕ್ಕೋರೆ. ಆಕಿ ಅಳಾಕತ್ತಿಲ್ಲ, ದಣದಾಳ. ಮನಿ ಸಮೀಪ ಬಂದೈತಿ ಅಂತ ಆಕಿಗೆ ಗೊತ್ತಾಗೈತಿ’ ಎಂದರು. ನಡೆದು ನಡೆದು ದಣಿದಿದ್ದೇವೆ ಎಂಬುದೇ ಆ ಕವಿತೆಯ ಹೃದಯ. ಅರ್ಥ ಓದಿ ನಾನು ತಿಳಿದದ್ದನ್ನು ಅವರು ದನಿಯಲ್ಲೇ ಹಿಡಿದುಬಿಟ್ಟಿದ್ದರು. ಸಾಹಿತ್ಯದ ಹಟ ನನಗಿದ್ದರೂ, ಹಾಡಿಗೆ ಬೇರೆ ದಾರಿಯೂ ಇದೆಯೆಂದು ಒಪ್ಪಬೇಕಾಗುತ್ತದೆ.

ಈಗ ಆ ಇಬ್ಬರು ಯಾರು ಎಂಬ ಪ್ರಶ್ನೆಗೆ ಬರೋಣ. ಸ್ಟ್ರೌಸ್ ಮತ್ತು ಪೌಲೀನಾ ಮದುವೆಯಾದದ್ದು ೧೮೯೪ರ ಸೆಪ್ಟೆಂಬರ್ ೧೦ರಂದು. ಪೌಲೀನಾ ಗಾಯಕಿ, ಸೇನಾಧಿಕಾರಿಯೊಬ್ಬರ ಮಗಳು. ಮದುವೆಯ ಉಡುಗೊರೆಯಾಗಿ ಗಂಡ ಅವರಿಗೆ ಕೊಟ್ಟದ್ದು ನಾಲ್ಕು ಹಾಡುಗಳನ್ನು. ಸಂಸಾರದ ಮೊದಲ ದಿನ ನಾಲ್ಕು ಹಾಡು, ಐವತ್ತು ವರ್ಷ ದಾಟಿದ ಮೇಲೆ ಮತ್ತೆ ನಾಲ್ಕು. ಅವರ ೫೫ನೆಯ ವಿವಾಹ ವಾರ್ಷಿಕಕ್ಕೆ ಎರಡು ದಿನ ಬಾಕಿ ಇರುವಾಗ ಗಂಡ ಹೋದರು. ‘ನಾಲ್ಕು ಕೊನೆಯ’ ಎಂಬ ಹೆಸರಿಟ್ಟವರು ಪ್ರಕಾಶಕರಾದ ಎರ್ನ್‌ಸ್ಟ್ ರೋಟ್. ಆ ವರ್ಷದ ನವೆಂಬರಿನಲ್ಲಿ ಬರೆದ ಐದನೆಯ ಪುಟ್ಟ ಹಾಡೊಂದು ಬಹಳ ಕಾಲದ ಮೇಲೆ ಬೆಳಕಿಗೆ ಬಂದು ೧೯೮೫ರಲ್ಲಿ ಸಭೆಯಲ್ಲಿ ಕೇಳಿಸಿತು. ಹಾಗಾಗಿ ‘ಕೊನೆಯ’ ಎಂಬುದು ಪೂರಾ ನಿಜವಲ್ಲ. ಆದರೂ ನಾಲ್ಕರ ಜೊತೆಗೆ ನಾಲ್ಕು ಕೂಡುವುದನ್ನು ನಾನು ಸುಮ್ಮನೆ ಬಿಡಲಾರೆ.

ಪೌಲೀನಾ ಮೆದು ಮಾತಿನವರಾಗಿರಲಿಲ್ಲ. ಅವರ ಬಾಯಿಗೆ ಸಂಗೀತಲೋಕವೇ ಹೆದರುತ್ತಿತ್ತು. ಗಂಡ ಆ ಜಗಳಗಳನ್ನೂ ಬಿಡಲಿಲ್ಲ. ೧೯೦೩ರಲ್ಲಿ ತಮ್ಮ ಮನೆಯ ಗದ್ದಲ, ಮಗುವಿನ ಸ್ನಾನ ಎಲ್ಲವನ್ನೂ ಸೇರಿಸಿ ‘ಗೃಹ ಸಿಂಫನಿ’ ಬರೆದರು. ೧೯೨೪ರಲ್ಲಿ ತಮ್ಮಿಬ್ಬರ ಮನಸ್ತಾಪದ ಮೇಲೆ ಒಂದು ಸಂಗೀತ ನಾಟಕವನ್ನೇ ರಂಗದ ಮೇಲೆ ತಂದರು. ನಮ್ಮ ಯಜಮಾನರು ನಮ್ಮ ಮನೆಯ ಜಗಳವನ್ನು ಹಂಪಿ ಉತ್ಸವದ ವೇದಿಕೆಗೆ ಏರಿಸಿದರೆ ನಾನು ಮರುದಿನ ಅಡುಗೆ ಮಾಡುತ್ತಿದ್ದೆನೆ? ಪೌಲೀನಾ ರಂಗಭೂಮಿ ಬಿಟ್ಟು ಮನೆ ನಡೆಸಿದರು. ಅವರು ಹೇಳಬಹುದಾಗಿದ್ದ ಕಥೆ ಯಾವ ವಾದ್ಯದಲ್ಲೂ ಉಳಿದಿಲ್ಲ. ಕೊನೆಯ ಹಾಡಿನ ‘ನಾವು’ ಕೂಡ ಗಂಡ ಬರೆದ ‘ನಾವು’. ಇದು ಈ ಕೃತಿಯ ಬಗ್ಗೆ ನನ್ನ ಮೊದಲ ತಕರಾರು.

ಆದರೆ ಹಾಡು ಕಾಗದದ ಮೇಲೆ ಇರುವುದಿಲ್ಲ, ಹಾಡಿದವರ ಬಾಯಲ್ಲಿ ಇರುತ್ತದೆ. ಗಂಡು ಬರೆದ ಆ ‘ನಾವು’ ಸಭೆಗೆ ಬರುವುದು ಹೆಣ್ಣಿನ ದನಿಯಲ್ಲಿ. ಮೊದಲ ಬಾರಿಗೆ ಅದನ್ನು ಹಾಡಿದ ಫ್ಲಾಗ್‌ಸ್ಟಾಡ್ ಅವರಿಗೆ ಆಗ ೫೪ ವರ್ಷ. ಅವರು ಗಂಡನನ್ನು ಕಳೆದುಕೊಂಡು ನಾಲ್ಕು ವರ್ಷವಾಗಿತ್ತು. ಇಬ್ಬರು ಕೈ ಹಿಡಿದು ನಿಂತಿದ್ದೇವೆ ಎಂದು ಒಬ್ಬಂಟಿ ಹೆಂಗಸು ಹಾಡುತ್ತಿದ್ದಾಳೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿ, ಹಾಡಿನ ಅರ್ಥವೇ ಬದಲಾಗುತ್ತದೆ. ಹೋದವರನ್ನು ಲೆಕ್ಕದಿಂದ ತೆಗೆಯದೆ ‘ನಮಗೆ ಕಾರ ಜಾಸ್ತಿ ಸೇರುವುದಿಲ್ಲ’, ‘ನಾವು ಧರ್ಮಸ್ಥಳಕ್ಕೆ ಹೋದಾಗ’ ಎಂದು ಮಾತಾಡುವ ಎಷ್ಟು ಹೆಂಗಸರನ್ನು ನೀವು ನೋಡಿಲ್ಲ? ದೊಡ್ಡವ್ವ ಇವತ್ತಿಗೂ ಹಾಗೇ ಮಾತಾಡುತ್ತಾರೆ.

ಹಾಡುಗಳ ಕ್ರಮದ ಬಗ್ಗೆಯೂ ಇಲ್ಲೇ ಹೇಳಬೇಕು. ಈಗ ಎಲ್ಲರೂ ಅನುಸರಿಸುವ ಕ್ರಮ ಪ್ರಕಾಶಕರದು. ವಸಂತ, ಶರತ್ಕಾಲ, ನಿದ್ದೆ, ಸಾವು. ಪಾಠಪುಸ್ತಕದ ಅಧ್ಯಾಯಗಳ ಹಾಗೆ ಅಚ್ಚುಕಟ್ಟು. ಮೊದಲ ಕಚೇರಿಯಲ್ಲಿ ಕ್ರಮ ಬೇರೆ ಇತ್ತು. ಮೊದಲು ‘ಮಲಗುವ ಹೊತ್ತು’, ಆಮೇಲೆ ‘ಸೆಪ್ಟೆಂಬರ್’, ಮೂರನೆಯದಾಗಿ ‘ವಸಂತ’, ಕೊನೆಗೆ ‘ಸಂಜೆಗೆಂಪಿನಲ್ಲಿ’. ನನಗೆ ಈ ಹಳೆಯ ಕ್ರಮವೇ ಸರಿ ಎನ್ನಿಸುತ್ತದೆ. ಐವತ್ತು ದಾಟಿದವರಿಗೆ ವಸಂತ ಸಾಲಿನಲ್ಲಿ ಮೊದಲು ಬರುವುದಿಲ್ಲ. ಹಾಸಿಗೆ ಹಾಸುವಾಗಲೋ ಒಣಗಿದ ಬಟ್ಟೆ ಮಡಿಸುವಾಗಲೋ ನಡುವೆ ನೆನಪಾಗಿ ನುಗ್ಗುತ್ತದೆ. ಹಾಗೆ ನುಗ್ಗಿದಾಗ ಸ್ವಲ್ಪ ಅತಿ ಮಾಡುತ್ತದೆ. ಆ ಜಾಗದಲ್ಲಿ ಕೇಳಿದರೆ ‘ವಸಂತ’ದ ಉಬ್ಬರಕ್ಕೂ ಒಂದು ಕಾರಣ ಸಿಗುತ್ತದೆ. ಆ ಹಾಡಿನ ಮೇಲಿನ ಸ್ವರಗಳು ಫ್ಲಾಗ್‌ಸ್ಟಾಡರ ವಯಸ್ಸಿಗೆ ಸುಲಭವಾಗಿರಲಿಲ್ಲ. ಆ ಪ್ರಯಾಸ ಹಾಡಿಗೆ ಕೆಡುಕು ಮಾಡಿಲ್ಲ ಎಂದೇ ನನ್ನ ಎಣಿಕೆ.

ನನ್ನ ಎರಡನೆಯ ತಕರಾರು ಇದಕ್ಕಿಂತ ದೊಡ್ಡದು. ಈ ಹಾಡುಗಳು ಹುಟ್ಟಿದ್ದು ಎರಡನೆಯ ಮಹಾಯುದ್ಧ ಮುಗಿದ ಮೂರು ವರ್ಷಕ್ಕೆ. ಸ್ಟ್ರೌಸ್ ೧೯೩೩ರಿಂದ ೧೯೩೫ರವರೆಗೆ ಹಿಟ್ಲರನ ಸರ್ಕಾರದ ಸಂಗೀತ ಮಂಡಳಿಯ ಅಧ್ಯಕ್ಷರಾಗಿದ್ದವರು. ಯಹೂದಿ ಲೇಖಕ ಸ್ಟೆಫಾನ್ ಝ್ವೈಗ್ ಅವರಿಗೆ ಬರೆದ ಪತ್ರ ಸರ್ಕಾರದ ಕೈಗೆ ಸಿಕ್ಕಿ ಆ ಹುದ್ದೆ ಹೋಯಿತು. ಅವರ ಸೊಸೆ ಯಹೂದಿ. ಸೊಸೆಯನ್ನೂ ಮೊಮ್ಮಕ್ಕಳನ್ನೂ ಉಳಿಸಿಕೊಂಡರು. ಆದರೆ ಸೊಸೆಯ ಬಂಧುಗಳಲ್ಲಿ ಹಲವರು ಯಾತನಾ ಶಿಬಿರಗಳಲ್ಲಿ ಸತ್ತರು. ವಾದ್ಯವೃಂದ ನಡೆಸಿದ ಫುರ್ಟ್‌ವೆಂಗ್ಲರ್ ಯುದ್ಧಕಾಲದಲ್ಲಿ ಜರ್ಮನಿಯಲ್ಲೇ ಉಳಿದು ಆಮೇಲೆ ವಿಚಾರಣೆ ಎದುರಿಸಿದವರು. ಫ್ಲಾಗ್‌ಸ್ಟಾಡರ ಗಂಡ ಜರ್ಮನರೊಂದಿಗೆ ಕೈಜೋಡಿಸಿದ ಪಕ್ಷದಲ್ಲಿದ್ದು, ಬಂಧನಕ್ಕೊಳಗಾಗಿ, ವಿಚಾರಣೆಗೆ ಮೊದಲೇ ೧೯೪೬ರಲ್ಲಿ ತೀರಿಕೊಂಡವರು. ಅಂದು ಆ ವೇದಿಕೆಗೆ ಬಂದ ಎಲ್ಲರ ಹಿಂದೆಯೂ ಒಂದು ನೆರಳಿತ್ತು.

ಹಾಡುಗಳಲ್ಲಿ ಇದರ ಒಂದು ಸೊಲ್ಲೂ ಇಲ್ಲ. ತೋಟವಿದೆ, ಮಳೆಯಿದೆ, ಹಕ್ಕಿಗಳಿವೆ. ಲಕ್ಷಾಂತರ ಜನಕ್ಕೆ ಸಂಜೆಗೆಂಪು ನೋಡುವ ಭಾಗ್ಯವಿಲ್ಲದಂತೆ ಮಾಡಿದ ದೇಶದ ಹಿರಿಯರೊಬ್ಬರು ತಮ್ಮ ಸಂಜೆಯನ್ನು ಇಷ್ಟು ನೆಮ್ಮದಿಯಿಂದ ಹಾಡಬಹುದೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ದಾಸರ ಪದಗಳಲ್ಲಿ, ಶರಣರ ವಚನಗಳಲ್ಲಿ ಕಡೆಗೆ ಒಂದು ಅಂಕಿತ ಬರುತ್ತದೆ. ಹಾಡಿದವರು ತಮ್ಮ ಲೆಕ್ಕವನ್ನು ಯಾರಿಗೋ ಒಪ್ಪಿಸುತ್ತಾರೆ. ತಾನು ಮಾಡಿದ ತಪ್ಪುಗಳ ಪಟ್ಟಿಯೂ ಅದರಲ್ಲಿ ಸೇರಿರುತ್ತದೆ. ಸ್ಟ್ರೌಸರಲ್ಲಿ ಒಪ್ಪಿಸಿಕೊಳ್ಳುವ ದೇವರಿಲ್ಲ. ಇರುವುದು ಪಕ್ಕದಲ್ಲಿ ನಿಂತ ಹೆಂಡತಿ ಮಾತ್ರ. ಮನೆಯೊಳಗಿನ ಲೆಕ್ಕ ಅಲ್ಲಿ ಚುಕ್ತಾ ಆಗುತ್ತದೆ, ಹೊರಗಿನದು ಹಾಗೇ ಉಳಿಯುತ್ತದೆ. ಇದು ಈ ಹಾಡುಗಳ ಮಿತಿ. ಮಿತಿ ಗೊತ್ತಿದ್ದೂ ನಾನು ಕೇಳುತ್ತೇನೆ. ದೊಡ್ಡ ದೊಡ್ಡ ಅನ್ಯಾಯಗಳ ಕಾಲದಲ್ಲಿ ಬಾಯಿ ಬಿಡದ ಹಿರಿಯರು ನಮ್ಮ ಮನೆಗಳಲ್ಲೂ ಇದ್ದರು. ಅವರ ಕೊನೆಗಾಲದಲ್ಲಿ ನಾವೇ ಕುಳಿತು ಗಂಜಿ ಕುಡಿಸಿದ್ದೇವೆ. ಕುಡಿಸುವಾಗ ಅವರು ಮಾಡಿದ್ದನ್ನು ಮರೆತಿರಲಿಲ್ಲ.

ಇನ್ನು ಮೈಸೂರಿನ ದುಡ್ಡಿನ ವಿಷಯ. ೧೯೫೦ರ ಮೇ ತಿಂಗಳಲ್ಲಿ ಜಯಚಾಮರಾಜ ಒಡೆಯರ್ ಅವರಿಗೆ ಇನ್ನೂ ಮೂವತ್ತು ವರ್ಷ. ಪಿಯಾನೋ ವಾದಕರಾಗಬೇಕೆಂಬ ಆಸೆಯಿದ್ದವರು. ೧೯೪೦ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡಾಗ ಪಿಯಾನೋ ಬಿಟ್ಟು ಸಿಂಹಾಸನ ಏರಬೇಕಾಯಿತು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ಮೆಟ್ನರ್ ಎಂಬ ಸಂಗೀತಗಾರರ ಕೃತಿಗಳು ಅವರ ನೆರವಿನಿಂದಲೇ ಧ್ವನಿಮುದ್ರಣವಾದವು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೆ ಅರ್ಪಿಸಿದರು. ವಾಲ್ಟರ್ ಲೆಗ್ ೧೯೪೫ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾಕ್ಕೂ ಮಹಾರಾಜರು ಕೈತುಂಬ ಸಹಾಯ ಮಾಡಿದರು. ಅಷ್ಟು ಹೊತ್ತಿಗೆ ರಾಜ್ಯ ಭಾರತದಲ್ಲಿ ಸೇರಿತ್ತು. ೧೯೫೦ರ ಜನವರಿ ೨೬ರಿಂದ ಅವರು ರಾಜಪ್ರಮುಖರಾಗಿದ್ದರು. ತಮ್ಮ ಮನೆತನದ ಸಂಜೆಯಲ್ಲಿ ನಿಂತ ತರುಣ ಇನ್ನೊಬ್ಬರ ಸಂಜೆಯ ಹಾಡಿಗೆ ಜಾಮೀನಾದರು.

ನಮ್ಮ ಹೊಸಪೇಟೆ, ಹಂಪಿ, ಕಂಪ್ಲಿ ಅಂದು ಮೈಸೂರಿನಲ್ಲಿರಲಿಲ್ಲ, ಮದ್ರಾಸಿಗೆ ಸೇರಿದ್ದವು. ಘೋರ್ಪಡೆಯವರ ಸಂಡೂರು ಸಂಸ್ಥಾನ ೧೯೪೯ರಲ್ಲಿ ಮದ್ರಾಸಿನಲ್ಲಿ ವಿಲೀನವಾಗಿತ್ತು. ನಾವು ಮೈಸೂರು ಸೇರಿದ್ದು ೧೯೫೩ರಲ್ಲಿ. ಆ ಹಾಡು ಲಂಡನ್ನಿನಲ್ಲಿ ಕೇಳಿಸಿದಾಗ ಇಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಹೆಂಗಸರು ಗಂಡಸರು ಕಲ್ಲು ಹೊರುತ್ತಿದ್ದರು. ಆ ದುಡ್ಡಿನಲ್ಲಿ ಏನೇನು ಮಾಡಬಹುದಿತ್ತು ಎಂಬ ಲೆಕ್ಕ ಯಾರೂ ಹಾಕಬಹುದು. ಕಲೆಗೆ ಕೊಟ್ಟ ದುಡ್ಡನ್ನು ನಾನು ದಂಡ ಎನ್ನುವುದಿಲ್ಲ. ಹಂಪಿಯ ಪಕ್ಕದಲ್ಲಿ ಬದುಕುವ ಯಾರೂ ಹಾಗೆನ್ನಲಾರರು. ನಾನು ಕೇಳುವುದು ಬೇರೆ ಪ್ರಶ್ನೆ. ಕೊಟ್ಟದ್ದು ಯಾರ 귀ಿವಿಗೆ ತಲುಪಿತು?

ವಿಜಯ ವಿಠ್ಠಲ ದೇವಸ್ಥಾನಕ್ಕೆ ಪ್ರತಿ ವರ್ಷ ಶಾಲೆಯ ಹುಡುಗಿಯರನ್ನು ಕರೆದೊಯ್ಯುತ್ತೇವೆ. ಅಲ್ಲಿನ ಸಂಗೀತದ ಕಂಬಗಳನ್ನು ಈಗ ಯಾರೂ ಮುಟ್ಟುವಂತಿಲ್ಲ. ಕಲ್ಲು ಸವೆಯುತ್ತದೆಂದು ತಟ್ಟುವುದನ್ನು ನಿಷೇಧಿಸಿದ್ದಾರೆ, ಅದು ಸರಿಯೇ. ಕಳೆದ ಸಲ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಟೀಚರ್, ಇದನ್ನ ನುಡಿಸಿದಾಗ ಹೊರಗೆ ನಿಂತೋರಿಗೂ ಕೇಳಿಸ್ತಿತ್ತಾ?’ ರಾಜರ ಹೆಸರು, ಇಸವಿ ಕೇಳುವ ಪ್ರಶ್ನೆಪತ್ರಿಕೆಗಳಲ್ಲಿ ಈ ಪ್ರಶ್ನೆ ಇರುವುದಿಲ್ಲ. ಮೈಸೂರಿಗೆ ಬಂದ ಆ ತಟ್ಟೆಗಳ ಹಾಡು ಹೊರಗೆ ನಿಂತವರಿಗೆ ಕೇಳಿಸಲಿಲ್ಲ. ದಶಕಗಳ ಮೇಲೆ ಹೊರದೇಶದ ಕಂಪನಿಗಳು ಅದನ್ನು ಹೊರತಂದಾಗಲೇ ಎಲ್ಲರಿಗೂ ಸಿಕ್ಕಿತು. ಅದೇ ಹಂಪಿಯಲ್ಲಿ, ನದಿಯ ದಂಡೆಯ ಪುರಂದರ ಮಂಟಪದ ನೆನಪಿನ ದಾಸರು ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದರು. ಅದು ಹೊರಗೆ ನಿಂತವರ ಬಾಯಿಂದ ಬಾಯಿಗೆ ಬಂದು ನಮ್ಮ ಅಡುಗೆಮನೆ ಸೇರಿತು. ರಾಜರು ಜಾಮೀನು ನಿಂತರೆ ಹಾಡು ಉಳಿಯುತ್ತದೆ ನಿಜ, ಆದರೆ ಅದನ್ನು ಊರೊಳಗೆ ತರುವವರು ಕೇಳುವವರೇ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ನಾನೂ ಯಜಮಾನರೂ ಹೇಮಕೂಟ ಹತ್ತಿದೆವು. ಕೆಳಗೆ ಹಂಪಿ ಬಜಾರಿನ ಕಲ್ಲು ಮಂಟಪಗಳ ಸಾಲು. ೨೦೧೧ರಲ್ಲಿ ಅಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದ ಮೇಲೆ ಆ ಬೀದಿಗೆ ಸಂಜೆಯ ಸದ್ದು ಕಡಿಮೆ. ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ, ಒಂದು ನನ್ನ ಕಿವಿಗೆ ಇಟ್ಟು ನಾಲ್ಕನೆಯ ಹಾಡು ಹಾಕಿದೆ. ಕಂಠ ಬರುವ ಮೊದಲು ವಾದ್ಯಗಳೇ ಒಂದು ನಿಮಿಷಕ್ಕೂ ಮಿಕ್ಕಿ ನುಡಿಯುತ್ತವೆ. ‘ಇನ್ನೂ ಹಾಡು ಶುರುವಾಗಲಿಲ್ಲವಾ?’ ಎಂದರು. ‘ಸೂರ್ಯನೂ ಇನ್ನೂ ಇಳಿದಿಲ್ಲ, ಸುಮ್ಮನಿರಿ’ ಎಂದೆ. ಮುಗಿಯುವವರೆಗೆ ಸುಮ್ಮನಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಇದೂ ಒಂದು ಸಾಧನೆ.

ನೀವು ಕೇಳುವುದಾದರೆ ಮೊದಲು ಸ್ವಚ್ಛವಾದ ಮುದ್ರಣ ಹಿಡಿಯಿರಿ. ಜೆಸ್ಸಿ ನಾರ್ಮನ್ ಹಾಡಿದ್ದು ನಿಧಾನವಾಗಿದೆ, ಕೊನೆಯ ಹಾಡಿಗೇ ಹತ್ತು ನಿಮಿಷ ಹಿಡಿಯುತ್ತದೆ. ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದ್ದರಲ್ಲಿ ಮಾತುಗಳು ಚೆನ್ನಾಗಿ ಬಿಡಿಬಿಡಿಯಾಗಿ ಕೇಳಿಸುತ್ತವೆ. ಇವುಗಳಿಂದ ದಾರಿ ಪರಿಚಯವಾದ ಮೇಲೆ ಫ್ಲಾಗ್‌ಸ್ಟಾಡರ ಆ ಮೊದಲ ಕಚೇರಿಗೆ ಬನ್ನಿ. ಕರಕರ ಸದ್ದಿದೆ. ಕೊಳಲುಗಳು ಎಲ್ಲೋ ದೂರದ ಓಣಿಯಲ್ಲಿ ನುಡಿದಂತಿವೆ. ಕಂಠದ ಎತ್ತರದ ಹೊಳಪು ಮಾಸಿದೆ. ಆದರೂ ನನ್ನ ಓಟು ಅದಕ್ಕೆ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ, ಬಾಗಿಲು ಮುಂದಕ್ಕೆ ಮಾಡಿ, ಇಪ್ಪತ್ತೈದು ನಿಮಿಷ ನಿಮ್ಮದೆಂದು ಇಟ್ಟುಕೊಳ್ಳಿ. ನೆರೆಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಕರೆಯಿರಿ. ಅವರು ಹೇಳುವುದನ್ನು ಗಮನವಿಟ್ಟು ಕೇಳಿ.